ಎಐ ಕೊಟ್ಟ ಚಾರ್ಜರ್ ಸರ್ಕ್ಯೂಟ್ ಕಟ್ಟಬಹುದಾ?

ಪ್ರಶ್ನೆ: ರಾತ್ರಿ ಮೋಟಾರ್ ಚಾಲೂ ಮಾಡಲು ಹೊಲಕ್ಕೆ ಹೋಗುವಾಗ ತಲೆಗೆ ಕಟ್ಟಿಕೊಳ್ಳುವ ಲೈಟ್ ಇದೆ. ಒಳಗೆ ಒಂದು 18650 ಲಿಥಿಯಂ ಸೆಲ್. ಅದರ ಚಾರ್ಜರ್ ಸುಟ್ಟುಹೋಗಿದೆ. ಎಐಯನ್ನು ಕೇಳಿದರೆ, ಹಳೆಯ ಮೊಬೈಲ್ ಚಾರ್ಜರ್‌ಗೆ ಒಂದು 1ಎನ್4007 ಡಯೋಡ್, ಒಂದು 10 ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿದರೆ ಸಾಕು ಅನ್ನುತ್ತಿದೆ. ಕಟ್ಟಬಹುದಾ?
(ಗದಗ ಜಿಲ್ಲೆಯ ಓದುಗರು)

ಉತ್ತರ: ಈ ಸರ್ಕ್ಯೂಟ್ ಕಟ್ಟಬೇಡಿ. ಸೆಲ್ ಚಾರ್ಜ್ ಆಗುತ್ತದೆ, ಲೈಟೂ ಹತ್ತುತ್ತದೆ. ಅದಕ್ಕೇ ಇದು ಅಪಾಯ. ತಪ್ಪು ಕಣ್ಣಿಗೆ ಕಾಣುವುದಿಲ್ಲ.

ಎಐ ಹಾಕಿದ ಲೆಕ್ಕ ಏನಿರಬಹುದು ನೋಡಿ. ಮೊಬೈಲ್ ಚಾರ್ಜರ್ 5 ವೋಲ್ಟ್. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ನಲ್ಲಿ 0.7 ವೋಲ್ಟ್ ಹೋಗುತ್ತದೆ. ಉಳಿದದ್ದು 4.3. ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಇನ್ನೊಂಚೂರು ತಿನ್ನುತ್ತದೆ. ಲಿಥಿಯಂ ಸೆಲ್ ತುಂಬುವುದು 4.2ಕ್ಕೆ. ಕಾಗದದ ಮೇಲೆ ಎಲ್ಲ ಸರಿ ಕೂತಿದೆ.

ಆದರೆ ಡಯೋಡ್‌ನ ಆ 0.7 ಯಾವಾಗಲೂ 0.7 ಅಲ್ಲ. ಚೆನ್ನಾಗಿ ಕರೆಂಟ್ ಹರಿಯುತ್ತಿದ್ದಾಗ ಮಾತ್ರ ಅಷ್ಟು. ಸೆಲ್ ತುಂಬುತ್ತಾ ಬಂದಂತೆ ಕರೆಂಟ್ ಕಡಿಮೆಯಾಗುತ್ತದೆ. ಕೆಲವೇ ಮಿಲಿಆಂಪ್‌ಗೆ ಇಳಿದಾಗ ಅದೇ ಡಯೋಡ್‌ನಲ್ಲಿ ಹೋಗುವುದು 0.55 ವೋಲ್ಟ್ ಆಸುಪಾಸು. 10 ಓಮ್ ರೆಸಿಸ್ಟರ್‌ನಲ್ಲಿ 5 ಮಿಲಿಆಂಪ್ ಹರಿದರೆ ಹೋಗುವುದು 0.05 ವೋಲ್ಟ್ ಮಾತ್ರ. ಇನ್ನು ಮೊಬೈಲ್ ಚಾರ್ಜರ್ 5 ಅಂದರೆ ಖಡಕ್ 5 ಅಲ್ಲ, 5.1, 5.2 ಸಾಮಾನ್ಯ. ಈಗ ಕಳೆದು ನೋಡಿ: 5.15ರಲ್ಲಿ 0.6 ಹೋದರೆ 4.55. ಅಂದರೆ ಸೆಲ್ ತುಂಬಿದ ಹೊತ್ತಿಗೇ ಈ ಸರ್ಕ್ಯೂಟ್ ಅದನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗಿನವರೆಗೂ ತಳ್ಳುತ್ತಲೇ ಇರುತ್ತದೆ.

ಲಿಥಿಯಂ ಸೆಲ್‌ಗೆ 4.2 ವೋಲ್ಟ್ ಬಹಳ ಬಿಗಿಯಾದ ಗೆರೆ. ಆಚೀಚೆ 0.05 ವೋಲ್ಟ್ ಮಾತ್ರ ಸಲುಗೆ. ಅದನ್ನು ದಾಟಿದರೆ ಒಳಗಿನ ಗ್ರಾಫೈಟ್ ಮೇಲೆ ಲಿಥಿಯಂ ಲೋಹವಾಗಿ ಕೂರತೊಡಗುತ್ತದೆ, ಒಳಗಿನ ದ್ರವ ಒಡೆದು ಗ್ಯಾಸ್ ಆಗುತ್ತದೆ, ಸೆಲ್ ಬಿಸಿಯಾಗುತ್ತದೆ. ಬೆಂಕಿ ಹತ್ತುವುದೂ ಉಂಟು. ಅದು ನಿಮ್ಮ ಹಣೆಯ ಮೇಲೆ ಕಟ್ಟಿಕೊಳ್ಳುವ ವಸ್ತು, ಅಲ್ವಾ?

ಸರಿಯಾದ ಚಾರ್ಜರ್ ಮೊದಲು ಒಂದೇ ಸಮ ಕರೆಂಟ್ ಕೊಡುತ್ತದೆ. ಸೆಲ್ 4.2 ಮುಟ್ಟಿದ ಮೇಲೆ ವೋಲ್ಟೇಜ್ ಅಲ್ಲೇ ಹಿಡಿದು, ಕರೆಂಟ್ ತಾನಾಗಿ ಇಳಿಯಲು ಬಿಡುತ್ತದೆ. ಮೊದಲು ಕೊಟ್ಟ ಕರೆಂಟ್‌ನ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಾಗ ಪೂರ್ತಿ ನಿಲ್ಲಿಸುತ್ತದೆ. ಎಐ ಕೊಟ್ಟಿದ್ದರಲ್ಲಿ ನಿಲ್ಲಿಸುವ ವ್ಯವಸ್ಥೆಯೇ ಇಲ್ಲ.

ಹಾಗಾದರೆ ಎಐ ಇಷ್ಟು ಧೈರ್ಯವಾಗಿ ಹೇಗೆ ಹೇಳಿತು? ಡಯೋಡ್ ಮತ್ತು ರೆಸಿಸ್ಟರ್ ಚಾರ್ಜರ್ ಸುಳ್ಳಲ್ಲ. ಹಳೆಯ ನಿಕಲ್ ಕ್ಯಾಡ್ಮಿಯಂ ಸೆಲ್‌ಗಳಿಗೆ ಇಂಥವು ನಡೆಯುತ್ತಿದ್ದವು, ಸಣ್ಣ ಕರೆಂಟ್ ಜಾಸ್ತಿ ಹೊತ್ತು ಹೋದರೂ ಅವು ತಡೆಯುತ್ತಿದ್ದವು. ಎಐ ಓದಿರುವ ರಾಶಿಯಲ್ಲಿ ಅದೂ ಇದೆ, ಲಿಥಿಯಂನದೂ ಇದೆ. ಅದು ಮೀಟರ್ ಹಿಡಿದು ಅಳೆದು ಹೇಳುವುದಿಲ್ಲ. ಓದಿದ್ದರ ಮೇಲೆ ಒಪ್ಪುವಂಥ ಮಾತು ಜೋಡಿಸುತ್ತದೆ. ಸರಿ ಇದ್ದಾಗಲೂ ತಪ್ಪಿದ್ದಾಗಲೂ ದನಿ ಒಂದೇ.

"ಇದು ತಪ್ಪಲ್ವಾ?" ಎಂದು ಕೇಳಿದರೆ ತಕ್ಷಣ ಒಪ್ಪಿಕೊಂಡು, ವೋಲ್ಟೇಜ್ ಅನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಎಲ್ಎಂ317 ಐಸಿಯ ಸರ್ಕ್ಯೂಟ್ ಕೊಡಬಹುದು. 240 ಓಮ್, 565 ಓಮ್ ರೆಸಿಸ್ಟರ್ ಹಾಕಿದರೆ ಸೂತ್ರದ ಪ್ರಕಾರ 4.19 ವೋಲ್ಟ್ ಬರುತ್ತದೆ, ಲೆಕ್ಕ ಸರಿ. ಆದರೆ ಆ ಐಸಿ ಕೆಲಸ ಮಾಡಲು ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ ಸುಮಾರು 2 ವೋಲ್ಟ್ ಜಾಸ್ತಿ ಇರಬೇಕು. 5 ವೋಲ್ಟ್ ಚಾರ್ಜರ್‌ನಿಂದ ಅದು ಆಗದ ಮಾತು. 9 ವೋಲ್ಟ್ ಕೊಟ್ಟರೆ? ಐಸಿಯ ಒಳಗಿನ 1.25 ವೋಲ್ಟ್ ಆಧಾರವೇ 1.20ರಿಂದ 1.30ರವರೆಗೆ ಇರಬಹುದು ಎಂದು ಡೇಟಾಶೀಟ್, ಅಂದರೆ ಐಸಿ ಮಾಡಿದ ಕಂಪನಿಯ ವಿವರ ಪತ್ರ, ಹೇಳುತ್ತದೆ. ಆಗ ನಿಮಗೆ ಸಿಗುವುದು 4.03 ಆಗಬಹುದು, 4.36 ಕೂಡ ಆಗಬಹುದು. ಕಾಲುಗಳ ವಿಷಯವೂ ಹೀಗೇ. ಮುಂದಿನಿಂದ ನೋಡಿದರೆ ಎಲ್ಎಂ317ರ ಕಾಲುಗಳು ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ನೋಡಲು ಹಾಗೇ ಇರುವ 7805ರದು ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಒಂದರ ಬದಲು ಇನ್ನೊಂದನ್ನು ಹೇಳಿದರೆ ಮುಗಿಯಿತು.

ನೀವು ಕೊಟ್ಟ ಸುಳ್ಳನ್ನೂ ಎಐ ನಂಬಬಹುದು. ಅಗ್ಗದ ಸೆಲ್‌ಗಳ ಮೇಲೆ 9900 ಮಿಲಿಆಂಪ್ ಅವರ್ ಎಂದು ಬರೆದಿರುತ್ತದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಕೊಳವೆಯಲ್ಲಿ ಅಷ್ಟು ಹಿಡಿಯುವುದಿಲ್ಲ. ಒಳ್ಳೆಯ ಕಂಪನಿಯ ಸೆಲ್ಲೇ 3500 ಆಸುಪಾಸು. ಸುಮ್ನೆ ಲೇಬಲ್ ಓದಿ ಹೇಳಿದರೆ ಎಐ ಅದರ ಅರ್ಧ ತೆಗೆದು, ಸುಮಾರು 5 ಆಂಪ್‌ನಲ್ಲಿ ಚಾರ್ಜ್ ಮಾಡಿ ಅನ್ನಬಹುದು. ಒಳಗೆ ನಿಜವಾಗಿ 1000 ಇದ್ದರೆ ಏನಾಗುತ್ತದೆ ಹೇಳಿ.

ನನ್ನ ಸಲಹೆ ಇಷ್ಟು: ಲಿಥಿಯಂಗೆ ಚಾರ್ಜರ್ ಅನ್ನು ಬಿಡಿ ಭಾಗಗಳಿಂದ ಕಟ್ಟಬೇಡಿ. ಅದಕ್ಕೆಂದೇ ಮಾಡಿದ ಟಿಪಿ4056 ಚಿಪ್ ಇರುವ ಸಣ್ಣ ಬೋರ್ಡ್ ತನ್ನಿ. ಬಿ ಪ್ಲಸ್, ಬಿ ಮೈನಸ್ ಜೊತೆ ಔಟ್ ಪ್ಲಸ್, ಔಟ್ ಮೈನಸ್ ಕೂಡ ಇರುವುದನ್ನೇ ಕೇಳಿ, ಅದರಲ್ಲಿ ರಕ್ಷಣೆಯ ಸರ್ಕ್ಯೂಟ್ ಬೇರೆ ಇರುತ್ತದೆ. ಸೆಲ್ ಅನ್ನು ಬಿ ಕಡೆ, ಲೈಟ್ ಅನ್ನು ಔಟ್ ಕಡೆ ಬೆಸುಗೆ ಹಾಕಿ. ಚಾರ್ಜ್ ಆಗುವಾಗ ಲೈಟ್ ಹಚ್ಚಬೇಡಿ, ಹಚ್ಚಿದರೆ ಸೆಲ್ ತುಂಬಿದ್ದು ಚಿಪ್‌ಗೆ ತಿಳಿಯುವುದಿಲ್ಲ.

ಬೋರ್ಡ್ ಹತ್ತಿರದಿಂದ ನೋಡಿ. ಚಿಪ್‌ನ ಎರಡನೇ ಕಾಲಿಗೆ ಸೇರಿದ ಎಳ್ಳಿನಷ್ಟು ರೆಸಿಸ್ಟರ್ ಮೇಲೆ ಸಾಮಾನ್ಯವಾಗಿ 122 ಎಂದು ಬರೆದಿರುತ್ತದೆ. 12ರ ಮುಂದೆ ಎರಡು ಸೊನ್ನೆ, ಅಂದರೆ 1200 ಓಮ್. ಚಾರ್ಜಿಂಗ್ ಕರೆಂಟ್ ತೀರ್ಮಾನಿಸುವುದು ಇದೇ. 1200 ಇದ್ದರೆ 1 ಆಂಪ್, 2400 ಹಾಕಿದರೆ ಅರ್ಧ ಆಂಪ್. ಗೊತ್ತಿಲ್ಲದ ಸೆಲ್‌ಗೆ ಅರ್ಧ ಆಂಪ್ ಒಳ್ಳೆಯದು. ಚಿಪ್ ಕೂಡ ತಂಪಾಗಿರುತ್ತದೆ: 1 ಆಂಪ್‌ನಲ್ಲಿ ಅದು 1.3 ವ್ಯಾಟ್‌ನಷ್ಟು ಬಿಸಿ ಹೊರಹಾಕಬೇಕು, ಬೆರಳಿಟ್ಟರೆ ಸುಡುತ್ತದೆ.

ಬಿಸಿ ಅಂದಾಗ ನಮ್ಮ ಕಡೆಯ ಬೇಸಿಗೆ ನೆನಪಿರಲಿ. ಲಿಥಿಯಂ ಸೆಲ್ ಅನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಏಪ್ರಿಲ್ ಮಧ್ಯಾಹ್ನ ತಗಡಿನ ಪಂಪ್ ಶೆಡ್ ಒಳಗೆ ಅದು ಸಲೀಸಾಗಿ ದಾಟುತ್ತದೆ. ಚಿಪ್‌ಗೆ ಬಿಸಿ ಅಳೆಯುವ ಕಾಲು ಇದೆ, ಡೇಟಾಶೀಟ್‌ನಲ್ಲೂ ಇದೆ. ಎಐ ಅದನ್ನು ಓದಿಯೇ "ಚಿಂತೆ ಬೇಡ, ರಕ್ಷಣೆ ಇದೆ" ಅನ್ನಬಹುದು. ಆದರೆ ಈ ಅಗ್ಗದ ಬೋರ್ಡ್‌ಗಳಲ್ಲಿ ಆ ಕಾಲನ್ನು ಗ್ರೌಂಡ್‌ಗೆ ಸೇರಿಸಿ ಅದರ ಕೆಲಸ ನಿಲ್ಲಿಸಿಬಿಟ್ಟಿರುತ್ತಾರೆ. ಮನೆಯೊಳಗೆ ತಂಪು ಹೊತ್ತಿನಲ್ಲಿ, ನೀವು ಎಚ್ಚರ ಇರುವಾಗ ಚಾರ್ಜ್ ಮಾಡಿ. ಮೊದಲ ಸಲ ಮೀಟರ್ ಹಚ್ಚಿ ಕೂತು, 4.15ರಿಂದ 4.25ರ ಒಳಗೆ ನಿಲ್ಲುತ್ತದಾ ನೋಡಿ. ಬಹಳ ದಿನ 2 ವೋಲ್ಟ್‌ಗಿಂತ ಕೆಳಗೆ ಬಿದ್ದಿದ್ದ ಸೆಲ್ ಇದ್ದರೆ ಅದನ್ನು ಚಾರ್ಜ್‌ಗೇ ಹಚ್ಚಬೇಡಿ.

ಎಐ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಡೇಟಾಶೀಟ್‌ಗಳು ಇಂಗ್ಲಿಷ್‌ನಲ್ಲೇ ಇರುತ್ತವೆ. ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಕನ್ನಡದಲ್ಲಿ ಓದಿ ಐಟಿಐ ಸೇರಿದ ಹುಡುಗರು ಆ ಪುಟಗಳ ಮುಂದೆ ಕೈಚೆಲ್ಲಿ ಕೂರುವುದು ನನಗೆ ಬೇಸರ ತರುತ್ತದೆ. ಅಲ್ಲಿನ ಒಂದು ಸಾಲು ಕೊಟ್ಟು "ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳು" ಎಂದು ಎಐಯನ್ನು ಕೇಳಿ. ಅದು ಒಳ್ಳೆಯ ಕೆಲಸ. ಅಂಕಿ ಮಾತ್ರ ಡೇಟಾಶೀಟ್‌ನಿಂದಲೇ ತೆಗೆದುಕೊಳ್ಳಿ.

ಬ್ಯಾಡಗಿ ಕಡೆಯಿಂದ ಮೆಣಸಿನ ಗಿಡಕ್ಕೆ ಎಣ್ಣೆ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿ ಬಗ್ಗೆಯೂ ಕೇಳಿದ್ದಾರೆ. ಅದು ಲೆಡ್ ಆಸಿಡ್ ಆಗಿದ್ದರೆ ಚಾರ್ಜರ್ 14.4 ವೋಲ್ಟ್‌ವರೆಗೆ ಹೋಗಬಹುದು. ಮೂರು ಲಿಥಿಯಂ ಸೆಲ್ ಸೀರೀಸ್‌ನಲ್ಲಿ ಇರುವ ಪ್ಯಾಕ್ ಆಗಿದ್ದರೆ 12.6ಕ್ಕೇ ನಿಲ್ಲಬೇಕು. ಹೊರಗಿನಿಂದ ಎರಡೂ ಪಂಪ್ ಒಂದೇ ಥರ ಕಾಣುತ್ತವೆ. ಹಳೆಯ ಪಂಪಿನ ಚಾರ್ಜರ್ ಅನ್ನು ಹೊಸ ಪಂಪಿಗೆ ಹಚ್ಚುವ ಮೊದಲು ಬ್ಯಾಟರಿಯ ಲೇಬಲ್ ಓದಿ. ಲೇಬಲ್ ಇಲ್ಲದಿದ್ದರೆ ಮಾರಿದ ಅಂಗಡಿಯಲ್ಲಿ ಕೇಳುವವರೆಗೂ ಹಚ್ಚಬೇಡಿ.