ಮೊಂಟಾನಾದ ಹೊಳೆದಡ: ಗಾಳ ಹಿಡಿದವರು ಎಲ್ಲಿಯವರೆಗೆ ಕಾಲಿಡಬಹುದು?

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಹೊಳೆಯ ಎರಡೂ ದಡ ಒಬ್ಬನೇ ರಾಂಚ್ (ದನ ಸಾಕುವ ದೊಡ್ಡ ಜಮೀನು) ಮಾಲೀಕನದ್ದಾಗಿದ್ದರೂ ಟ್ರೌಟ್ ಮೀನಿಗೆ ಗಾಳ ಹಾಕುವವರು ನೀರಲ್ಲಿ ಇಳಿದು ನಡೆಯಬಹುದು, ದಡದ ಕಲ್ಲುಗಳ ಮೇಲೆ ನಿಲ್ಲಬಹುದು. ಕೊಲರಾಡೊದಲ್ಲಿ ಹಾಗಲ್ಲ. ಖಾಸಗಿ ಜಮೀನಿನ ಮೇಲೆ ಹರಿಯುವ ಹೊಳೆಯಲ್ಲಿ ಒಡೆಯನ ಒಪ್ಪಿಗೆಯಿಲ್ಲದೆ ತೇಲಿಹೋಗುವುದಕ್ಕೂ ಜನರಿಗೆ ಹಕ್ಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿತ್ತು.

ಮೊಂಟಾನಾ ಬೇರೆ ದಾರಿ ಹಿಡಿದದ್ದಕ್ಕೆ ಅದರ 1972ರ ಸಂವಿಧಾನವೇ ಕಾರಣ. ರಾಜ್ಯದೊಳಗಿನ ಎಲ್ಲ ನೀರೂ ಜನರ ಬಳಕೆಗಾಗಿ ಇರುವ ರಾಜ್ಯದ ಆಸ್ತಿ ಎಂದು ಅದು ಸಾರಿತು. ಆದರೆ ಬೇಲಿ ಹಾಕಿ ಕೂತವರು ಅಷ್ಟಕ್ಕೆ ಬಗ್ಗಲಿಲ್ಲ. ಡಿಯರ್‌ಬಾರ್ನ್ ಹೊಳೆಯ ತಳವೂ ತನ್ನದೇ ಎಂದು ಒಬ್ಬ ಜಮೀನುದಾರ ವಾದಿಸಿದ. 1887ರಲ್ಲಿ ಆ ಹೊಳೆಯಲ್ಲಿ ಸುಮಾರು ಒಂದು ಲಕ್ಷ ರೈಲ್ವೆ ಸ್ಲೀಪರ್‌ಗಳನ್ನು (ಹಳಿಯಡಿ ಹಾಕುವ ಮರದ ತೊಲೆಗಳನ್ನು) ತೇಲಿಬಿಟ್ಟಿದ್ದರ ಪುರಾವೆ ಕೋರ್ಟಿನ ಮುಂದೆ ಬಂತು. 1889ರಲ್ಲಿ ಮೊಂಟಾನಾ ರಾಜ್ಯವಾಗುವ ಹೊತ್ತಿಗೆ ಸರಕು ಸಾಗಿಸಬಲ್ಲ ಹೊಳೆಯಾಗಿದ್ದರೆ ಅದರ ತಳ ಸರ್ಕಾರದ್ದು. ಜಮೀನುದಾರನ ವಿರುದ್ಧ ಮೊಕದ್ದಮೆ ಹೂಡಿದವರು ಗೆಲ್ಲಲು ಅಷ್ಟೇ ಸಾಕಿತ್ತು. ರಾಜ್ಯ ಸುಪ್ರೀಂ ಕೋರ್ಟಿನ 1984ರ ತೀರ್ಪು ಅಲ್ಲಿಗೆ ನಿಲ್ಲಲಿಲ್ಲ: ತಳ ಯಾರದ್ದು ಎಂಬುದು ಮುಖ್ಯವಲ್ಲ, ನೀರು ವಿಹಾರಕ್ಕೆ ಯೋಗ್ಯವಾಗಿದ್ದರೆ ಜನ ಬಳಸಬಹುದು ಎಂದಿತು. ಅದೇ ವರ್ಷ ಬೀವರ್‌ಹೆಡ್ ನದಿಯ ಮೊಕದ್ದಮೆಯಲ್ಲೂ ಇದೇ ತತ್ವ ನಿಂತಿತು.

ಶಾಸನಸಭೆ 1985ರಲ್ಲಿ ಇದನ್ನು ಕಾನೂನಾಗಿಸಿತು. ಅದರ ಜೀವ ಇರುವುದು ಒಂದು ಗೆರೆಯಲ್ಲಿ: ಸಾಮಾನ್ಯ ತುಂಬುನೀರಿನ ಗೆರೆ. ನೀರು ಬಹುಕಾಲ ನಿಂತು ನೆಲದ ಗಿಡಗಂಟಿಗಳನ್ನು ಹೆಚ್ಚುಕಡಿಮೆ ಪೂರ್ತಿ ಅಳಿಸಿಹಾಕಿ, ಬೆಳೆಗೆ ಬಾರದ ನೆಲವಾಗಿ ಬಿಟ್ಟಿರುವ ಜಾಗದ ಅಂಚು ಅದು. ಪ್ರವಾಹ ಬಂದಾಗ ಮಾತ್ರ ಮುಳುಗುವ ಬಯಲು ಇದರೊಳಗೆ ಬರುವುದಿಲ್ಲ. ಆಗಸ್ಟ್‌ನಲ್ಲಿ ನೀರಿಳಿದಾಗ ಬೆಣಚುಕಲ್ಲಿನ ಅಗಲ ಪಟ್ಟಿ ತೆರೆದುಕೊಳ್ಳುವುದರಿಂದ ನಡೆಯುವುದು ಸುಲಭ. ತಪ್ಪಾಗುವುದು ಹಿಮ ಕರಗುವ ಮೇ–ಜೂನ್‌ನಲ್ಲಿ. ಗೆರೆಯೇ ನೀರಡಿಗೆ ಹೋಗಿರುತ್ತದೆ, ಸೆಳೆತಕ್ಕೆ ಹೆದರಿ ಜನ ಹುಲ್ಲಿನ ದಡ ಹತ್ತುತ್ತಾರೆ. ಒಂದು ಹೆಜ್ಜೆ ಮೇಲಿಟ್ಟರೂ ಅದು ಬೇರೆಯವರ ಜಮೀನು.

ಒಂದು ವಿನಾಯಿತಿ ಉಂಟು. ಅಡ್ಡಗಟ್ಟಿದ ತಂತಿಬೇಲಿಯಂಥ ಮನುಷ್ಯ ನಿರ್ಮಿತ ತಡೆ ಎದುರಾದರೆ ಗೆರೆ ದಾಟಿ ಸುತ್ತಿ ಹೋಗಬಹುದು, ಆದರೆ ಆದಷ್ಟು ಕಡಿಮೆ ತೊಂದರೆಯಾಗುವ ಹಾದಿಯಲ್ಲಿ, ಏನನ್ನೂ ಹಾಳುಮಾಡದೆ. ಬಿದ್ದ ಮರ, ಜಲಪಾತದಂಥ ಪ್ರಕೃತಿಯ ತಡೆಗಳ ಬಗ್ಗೆ ಕಾನೂನು ಹೌದೆಂದೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಅಂಥ ಕಡೆ ಮಾಲೀಕರನ್ನು ಕೇಳಿ ಹೋಗುವುದೇ ಲೇಸು. ನೀರಾವರಿ ನಾಲೆಗೆ ಈ ಹಕ್ಕು ಅನ್ವಯಿಸದು. ಈ ಸಂದಿನಿಂದಲೇ ಬಿಟರ್‌ರೂಟ್ ಕಣಿವೆಯ ಮಿಚೆಲ್ ಸ್ಲೂ ಎಂಬ ಕವಲನ್ನು ನಾಲೆಯೆಂದು ಕರೆದು ಮುಚ್ಚಿಕೊಳ್ಳುವ ಪ್ರಯತ್ನ ನಡೆಯಿತು. ಅದು ಹೊಳೆಯೇ ಎಂದು ರಾಜ್ಯ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು 2008ರಲ್ಲಿ.

ಈ ಕಾನೂನು ಕೊಡದೇ ಇರುವುದು ದಾರಿ. ಹೊಳೆ ತಲುಪಲು ಖಾಸಗಿ ಹೊಲ ದಾಟುವಂತಿಲ್ಲ. ಪ್ರವೇಶವಿಲ್ಲ ಎಂದು ತಿಳಿಸಲು ಬೋರ್ಡೇ ಬೇಕಿಲ್ಲ, ಗೂಟದ ಮೇಲೆ ಕನಿಷ್ಠ 50 ಚದರ ಅಂಗುಲದಷ್ಟು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಬಳಿದರೆ ಸಾಕು. ಹಾಗಾಗಿ ಹೊಳೆಗಿಳಿಯಲು ಉಳಿದ ಜಾಗಗಳಲ್ಲಿ ರಸ್ತೆ ಸೇತುವೆ ಮುಖ್ಯವಾಯಿತು, ಜಗಳವೂ ಅಲ್ಲಿಗೇ ಸರಿಯಿತು. ದನ ದಾಟದಂತೆ ಎಂಬ ನೆಪದಲ್ಲಿ ಬೇಲಿಯನ್ನು ಸೇತುವೆಯ ಕಂಬಿಗೇ ಬಿಗಿದರೆ ಮನುಷ್ಯರೂ ದಾಟುವಂತಿರಲಿಲ್ಲ. 2009ರ ಕಾನೂನು ಬೇಲಿಗೆ ಒಪ್ಪಿತು, ಆದರೆ ಗೇಟೋ ಹತ್ತಿಳಿಯುವ ಮೆಟ್ಟಿಲೋ ಇರಲೇಬೇಕು ಎಂದಿತು. 2014ರಲ್ಲಿ ರೂಬಿ ನದಿಯ ಸೇತುವೆಯೊಂದರ ವ್ಯಾಜ್ಯದಲ್ಲಿ, ಕೇವಲ ರೂಢಿಯಿಂದ ಸಾರ್ವಜನಿಕವಾದ ರಸ್ತೆಯಿಂದಲೂ ಹೊಳೆಗಿಳಿಯಬಹುದು ಎಂದಾಯಿತು. ಇದರ ಹಿಂದೆ ಸರ್ಕಾರಕ್ಕಿಂತ ಹೆಚ್ಚಾಗಿ ಗಾಳ ಹಾಕುವವರ ಸಂಘಟನೆಗಳ ಹಟವೇ ಇತ್ತು.

ಮೊಂಟಾನಾದ 1984ರ ತೀರ್ಪು ಆಧರಿಸಿದ, ಅಮೆರಿಕ ಸುಪ್ರೀಂ ಕೋರ್ಟಿನ 1892ರ ಇಲಿನಾಯ್ ಸೆಂಟ್ರಲ್ ರೈಲ್ವೆ ಮೊಕದ್ದಮೆಯನ್ನೇ ನಮ್ಮ ಸುಪ್ರೀಂ ಕೋರ್ಟ್ ಬಿಯಾಸ್ ನದಿಯ ಕಮಲ್ ನಾಥ್ ಪ್ರಕರಣದಲ್ಲಿ ಉಲ್ಲೇಖಿಸಿ, ನದಿಗಳನ್ನು ಸರ್ಕಾರ ಜನರ ಪರವಾಗಿ ಕಾಯುವ ಸೊತ್ತು ಎಂದಿತು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಂ ಪ್ರಕಾರವೂ ಬೇರೆಯವರ ಹಕ್ಕು ಸ್ಥಾಪಿತವಾಗಿರದಿದ್ದರೆ ನದಿ, ಹಳ್ಳಗಳ ತಳವೂ ಹರಿಯುವ ನೀರೂ ರಾಜ್ಯ ಸರ್ಕಾರದವು. ಆದರೆ ತೋಟ ದಾಟಿ ಹೊಳೆಗೆ ಹೋಗುವುದಕ್ಕೆ ಆ ಕಲಂ ನೆರವಾಗದು. ಅದಕ್ಕೆ ನಕ್ಷೆಯಲ್ಲಿ ದಾರಿ ಇರಬೇಕು, ಇಲ್ಲವೇ ಮಾಲೀಕರ ಒಪ್ಪಿಗೆ ಬೇಕು, ಅದೂ ಇಲ್ಲದಿದ್ದರೆ 1882ರ ಈಸ್‌ಮೆಂಟ್ (ಬೇರೆಯವರ ಜಮೀನನ್ನು ಬಳಸುವ ಹಕ್ಕು) ಕಾಯ್ದೆಯಡಿ 20 ವರ್ಷ ಅಡ್ಡಿಯಿಲ್ಲದೆ, ಹಕ್ಕೆಂದೇ ಬಳಸಿದ್ದನ್ನು ಸಾಬೀತು ಮಾಡಬೇಕು. ಇನ್ನು ಮೀನು ಹಿಡಿಯಲು ಪರವಾನಗಿ ಬೇಕೇ, ಆ ಜಾಗ ವನ್ಯಜೀವಿಧಾಮದೊಳಗಿದೆಯೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಿಕೊಳ್ಳಬೇಕು.