ಪದ ಪರಿಚಯ: ಸ್ಪೀಚ್ ಥೆರಪಿಯಲ್ಲಿ ವಕಾಲತ್ತು, ನಾಯಕತ್ವ ಅಂದರೆ ಏನು?

ಸ್ಪೀಚ್ ಥೆರಪಿ ಅಂದ ಕೂಡಲೇ ಮಗುವನ್ನು ಕನ್ನಡಿ ಎದುರು ಕೂರಿಸಿ ‘ರ’, ‘ಳ’ ಹೇಳಿಸುವ ಚಿತ್ರ ಕಣ್ಣಿಗೆ ಬರುತ್ತದೆ. ಅದು ಆ ಕೆಲಸದ ಒಂದು ತುಣುಕು ಮಾತ್ರ. ಈ ವೃತ್ತಿಯವರ ಓದು, ನೀತಿಸಂಹಿತೆ, ಸಮ್ಮೇಳನ ಎಲ್ಲದರಲ್ಲೂ ಎರಡು ಪದ ಜೋಡಿಯಾಗಿ ಬರುತ್ತಲೇ ಇರುತ್ತವೆ: ಲೀಡರ್‌ಶಿಪ್ ಮತ್ತು ಅಡ್ವೊಕಸಿ. ನಾಯಕತ್ವ ಮತ್ತು ವಕಾಲತ್ತು ಅಂತ ಇಟ್ಟುಕೊಳ್ಳೋಣ.

ವಕಾಲತ್ತು ಅಂದರೆ ಇಷ್ಟು. ಮಾತು, ಭಾಷೆ, ದನಿ ಅಥವಾ ನುಂಗುವುದರಲ್ಲಿ ತೊಂದರೆ ಇರುವವರಿಗೆ ಬೇಕಾದ ಚಿಕಿತ್ಸೆ, ಸಮಯ, ಉಪಕರಣ, ಮಾಹಿತಿ ಸಿಗುವ ಹಾಗೆ ನೋಡಿಕೊಳ್ಳುವುದು. ಅವರ ಬಗ್ಗೆ ತೀರ್ಮಾನ ಆಗುವಾಗ ಅವರೂ ಅಲ್ಲಿರುವ ಹಾಗೆ ಮಾಡುವುದು. ಇದಕ್ಕೆ ಅಡ್ಡ ಬರುವುದು ಥೆರಪಿ ಕೋಣೆಯ ಹೊರಗಿದ್ದರೆ ಅಲ್ಲಿಗೂ ಹೋಗುವುದು.

ಎಲ್ಲ ಆರೋಗ್ಯ ವೃತ್ತಿಗಳಲ್ಲೂ ರೋಗಿಯ ಪರ ನಿಲ್ಲಬೇಕು, ಇಲ್ಲೇನು ವಿಶೇಷ ಅಂತ ಕೇಳಬಹುದು. ವಿಶೇಷ ಇದೆ. ಕಾಲು ಮುರಿದವನನ್ನು ಆಸ್ಪತ್ರೆ ಮರೆತರೆ ಅವನು ಕೂಗಾಡುತ್ತಾನೆ, ನರ್ಸ್ ಕರೆಯುತ್ತಾನೆ, ಮೇಲಿನವರಿಗೆ ಪತ್ರ ಬರೆಯುತ್ತಾನೆ. ಇಲ್ಲಿ ದೂರು ಕೊಡಬೇಕಾದ ಬಾಯೇ ಕೈಕೊಟ್ಟಿರುತ್ತದೆ. ಜೊತೆಗೆ ತೊಂದರೆ ಹೊರಗೆ ಕಾಣುವುದೂ ಇಲ್ಲ. ಭಾಷೆ ಅರ್ಥ ಮಾಡಿಕೊಳ್ಳಲು ಒದ್ದಾಡುವ ಹುಡುಗಿ ತರಗತಿಯಲ್ಲಿ ಸುಮ್ನೆ ಕೂತಿದ್ದರೆ ಅವಳು ‘ಒಳ್ಳೆ ಹುಡುಗಿ’. ಹುಡುಗ ಸಿಟ್ಟಿಗೆದ್ದರೆ ‘ತಂಟೆಕೋರ’. ಇಬ್ಬರಲ್ಲಿ ಯಾರಿಗೂ ಸಹಾಯ ಸಿಗುವುದಿಲ್ಲ. ಹಾಗಾಗಿ ಈ ವೃತ್ತಿಯಲ್ಲಿ ವಕಾಲತ್ತು ಅನ್ನುವುದು ಪುರುಸೊತ್ತಾದಾಗ ಮಾಡುವ ಸಮಾಜಸೇವೆ ಅಂತ ನನಗೆ ಅನ್ನಿಸುವುದಿಲ್ಲ. ಅದು ಚಿಕಿತ್ಸೆಯ ಒಂದು ಭಾಗ.

ಒಬ್ಬ ವ್ಯಕ್ತಿಯಿಂದಲೇ ಶುರು ಮಾಡೋಣ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅಫೇಸಿಯಾ ಬರುತ್ತದೆ. ಪದ ಸಿಗುವುದಿಲ್ಲ, ಕೇಳಿದ್ದು ಪೂರ್ತಿ ಅರ್ಥವಾಗುವುದಿಲ್ಲ, ಓದು ಬರಹ ಕೂಡ ಕೈಗೆ ಸಿಗದ ಹಾಗಾಗುತ್ತದೆ. ಕೆಡುವುದು ಭಾಷೆ. ಆದರೆ ವಾರ್ಡಿನಲ್ಲಿ ಏನಾಗುತ್ತದೆ? ಡಾಕ್ಟರು ಬಂದು ಹಾಸಿಗೆಯಲ್ಲಿ ಇರುವವರನ್ನು ಬಿಟ್ಟು ಪಕ್ಕದಲ್ಲಿ ನಿಂತ ಹೆಂಡತಿಯನ್ನೋ ಮಗನನ್ನೋ ಕೇಳುತ್ತಾರೆ. ಸಹಿಯನ್ನೂ ಅವರಿಂದಲೇ ಹಾಕಿಸಿಕೊಳ್ಳುತ್ತಾರೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ, ಎಲ್ಲರಿಗೂ ಅವಸರ ಅಷ್ಟೇ. ಆಗ ಥೆರಪಿಸ್ಟ್ ಹೇಳಬೇಕು: ಇವರನ್ನೇ ಕೇಳಿ, ಹೇಗೆ ಕೇಳಬೇಕು ಅಂತ ನಾನು ತೋರಿಸುತ್ತೇನೆ. ಚಿಕ್ಕ ವಾಕ್ಯ, ಮುಖ್ಯ ಪದವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆಯುವುದು, ಚಿತ್ರ, ಉತ್ತರಕ್ಕೆ ಸಮಯ. ಇನ್ನೊಂದು ಸೂಕ್ಷ್ಮ ಇದೆ. ಅಫೇಸಿಯಾ ಇರುವವರು ಕೆಲವೊಮ್ಮೆ ‘ಇಲ್ಲ’ ಅನ್ನಲು ಹೋಗಿ ‘ಹೌದು’ ಅಂದುಬಿಡುತ್ತಾರೆ. ಹಾಗಾಗಿ ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಇದು ಗೊತ್ತಿಲ್ಲದವರು ಮೊದಲ ‘ಹೌದು’ ಹಿಡಿದುಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ, ಆಮೇಲೆ ಆ ಮನುಷ್ಯ ಯಾಕೆ ಸಿಟ್ಟಾಗಿದ್ದಾನೆ ಅಂತ ಯಾರಿಗೂ ತಿಳಿಯುವುದಿಲ್ಲ.

ನುಂಗುವ ತೊಂದರೆಯ ವಿಷಯದಲ್ಲಿ ಇದು ಇನ್ನೂ ಕಷ್ಟ. ಆಹಾರ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು, ಅದಕ್ಕೆ ಥೆರಪಿಸ್ಟ್ ಮೆತ್ತಗಿನ ಆಹಾರ, ಗಟ್ಟಿ ಮಾಡಿದ ದ್ರವ ಹೇಳುತ್ತಾರೆ. ಕೆಲವರು ಅದನ್ನು ಬೇಡ ಅನ್ನುತ್ತಾರೆ. ‘ಅಪಾಯ ಗೊತ್ತು, ಆದರೂ ನನಗೆ ಮಾಮೂಲಿ ಊಟವೇ ಬೇಕು’ ಅಂತ ಪೂರ್ತಿ ತಿಳಿದು ಹೇಳಿದರೆ ಏನು ಮಾಡುವುದು? ಸಲಹೆ ಕೊಟ್ಟದ್ದೇ ಥೆರಪಿಸ್ಟ್. ಈಗ ತಮ್ಮ ಸಲಹೆಯನ್ನೇ ಒಪ್ಪದವರ ಪರ, ಗಾಬರಿಯಾಗಿರುವ ಮನೆಯವರ ಮುಂದೆ, ಕೋರ್ಟ್ ಕೇಸ್ ಬಗ್ಗೆ ಚಿಂತೆ ಮಾಡುವ ಆಸ್ಪತ್ರೆಯ ಮುಂದೆ ನಿಲ್ಲಬೇಕಾಗುತ್ತದೆ. ಅವರಿಗೆ ಅಪಾಯ ನಿಜವಾಗಿ ಅರ್ಥವಾಗಿದೆಯೇ ಅಂತ ನೋಡಬೇಕು, ಅದನ್ನು ದಾಖಲೆ ಮಾಡಬೇಕು, ಆದಷ್ಟು ಸುರಕ್ಷಿತವಾಗಿ ತಿನ್ನುವ ದಾರಿ ಹುಡುಕಬೇಕು. ವಕಾಲತ್ತು ಅಂದರೆ ‘ನನಗೆ ಸರಿ ಅನ್ನಿಸಿದ್ದನ್ನು ಅವರಿಗೆ ಕೊಡಿಸುವುದು’ ಅಂತ ತಿಳಿದವರು ಎಡವುವುದು ಇಲ್ಲೇ.

ಮಾತಿನ ಬದಲು ಬಳಸುವ ಸಾಧನಗಳನ್ನು ನೋಡಿದರೆ ಇದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಚಿತ್ರದ ಬೋರ್ಡ್, ಮಾತಾಡುವ ಟ್ಯಾಬ್ಲೆಟ್ ಇವೆಲ್ಲಕ್ಕೂ ಸೇರಿಸಿ ಎಎಸಿ ಅನ್ನುತ್ತಾರೆ. ಎಷ್ಟೋ ಬೋರ್ಡ್‌ಗಳಲ್ಲಿ ನೀರು, ಊಟ, ಶೌಚಾಲಯ, ಆಟ ಎಲ್ಲ ಇರುತ್ತದೆ. ‘ಬೇಡ’ ಇರುವುದಿಲ್ಲ. ‘ನಿಲ್ಲಿಸಿ’, ‘ನೋವಾಗುತ್ತಿದೆ’, ‘ನನಗೆ ಇವರು ಇಷ್ಟ ಇಲ್ಲ’ ಇರುವುದಿಲ್ಲ. ಬೋರ್ಡ್ ಮಾಡಿದವರು ತಮಗೆ ಅನುಕೂಲವಾದ ಮಾತನ್ನಷ್ಟೇ ಆ ಮಗುವಿಗೆ ಕೊಟ್ಟಿದ್ದಾರೆ, ಅಲ್ವಾ? ಅಮೆರಿಕದ ಒಂದು ಜಂಟಿ ಸಮಿತಿ 1992ರಲ್ಲಿ ತೀವ್ರ ಅಂಗವೈಕಲ್ಯ ಇರುವವರಿಗಾಗಿ ‘ಸಂವಹನ ಹಕ್ಕುಗಳ ಪಟ್ಟಿ’ ಹೊರತಂದಿತು, 2016ರಲ್ಲಿ ಅದನ್ನು ಪರಿಷ್ಕರಿಸಿತು. ಬೇಕಾದ್ದನ್ನು ಕೇಳುವ ಹಕ್ಕಿನ ಜೊತೆಗೆ ಬೇಡದ್ದನ್ನು ನಿರಾಕರಿಸುವ ಹಕ್ಕೂ ಅದರಲ್ಲಿ ಇದೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ, ಸಂವಹನ ಅಂದರೆ ಬ್ರೈಲ್, ಸರಳ ಭಾಷೆ, ಪರ್ಯಾಯ ಸಾಧನ ಎಲ್ಲವೂ ಸೇರಿದ್ದು ಅಂತ ತನ್ನ 2ನೇ ವಿಧಿಯಲ್ಲೇ ಹೇಳಿದೆ. 21ನೇ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯದ್ದು. ‘ದಯವಿಟ್ಟು ಕೊಡಿ’ ಅನ್ನುವ ಜಾಗದಲ್ಲಿ ‘ಇದು ಹಕ್ಕು’ ಅನ್ನಲು ಥೆರಪಿಸ್ಟ್‌ಗಳಿಗೆ ಇಂಥ ಕಾಗದಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಈಗ ನಾಯಕತ್ವಕ್ಕೆ ಬರೋಣ. ವಿಭಾಗದ ಮುಖ್ಯಸ್ಥರಾಗುವುದು, ಸಂಘದ ಅಧ್ಯಕ್ಷರಾಗುವುದು ಅದರ ಒಂದು ರೂಪ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಒಬ್ಬರಿಗೆ ಬಂದ ಅಡ್ಡಿ ಹತ್ತು ಜನಕ್ಕೂ ಬರುತ್ತಿದೆ ಅಂತ ಗುರುತಿಸುವುದು, ಆ ಅಡ್ಡಿ ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕುವುದು, ಅಲ್ಲಿಗೆ ಜನರನ್ನು ಸೇರಿಸಿಕೊಂಡು ಹೋಗುವುದು. ಇದಕ್ಕೆ ಕುರ್ಚಿ ಬೇಕಾಗಿಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷ ಆದವರೂ ಮಾಡಬಹುದು.

ಡಿಎಲ್‌ಡಿ ಅನ್ನುವ ಭಾಷೆಯ ತೊಂದರೆಯ ಕಥೆ ಇದಕ್ಕೆ ಒಳ್ಳೆ ಉದಾಹರಣೆ. ಕಿವಿ ಸರಿಯಾಗಿ ಕೇಳುತ್ತದೆ, ಆಟಿಸಂ ಇಲ್ಲ, ಬೇರೆ ಕಾಯಿಲೆಯೂ ಇಲ್ಲ, ಆದರೂ ಭಾಷೆ ಕಲಿಯುವುದು ಬಹಳ ಕಷ್ಟ. ಇಂಥ ಮಕ್ಕಳು ನೂರಕ್ಕೆ ಸುಮಾರು 7. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಅಂತ ಲೆಕ್ಕ. ಇಷ್ಟು ಸಾಮಾನ್ಯ ಆಗಿದ್ದರೂ ಇದರ ಹೆಸರು ಹೆಚ್ಚಿನ ತಂದೆತಾಯಿ ಕೇಳಿಯೇ ಇರುವುದಿಲ್ಲ. ಒಂದು ಕಾರಣ, ಇದಕ್ಕೆ ಒಂದೇ ಹೆಸರು ಇರಲಿಲ್ಲ. ಒಬ್ಬರು ಒಂದು ಕರೆದರು, ಇನ್ನೊಬ್ಬರು ಇನ್ನೊಂದು, ಸಂಶೋಧಕರು ಮತ್ತೊಂದು. ಹೆಸರೇ ಇಲ್ಲದ್ದಕ್ಕೆ ಯಾವ ಸರ್ಕಾರ ದುಡ್ಡು ಇಡುತ್ತದೆ? ಮನೋವಿಜ್ಞಾನಿ ಡೊರೊತಿ ಬಿಷಪ್ ಮುಂದಾಳತ್ವದಲ್ಲಿ ಇಂಗ್ಲಿಷ್ ಮಾತಾಡುವ ಹಲವು ದೇಶಗಳ ಪರಿಣತರು ಒಟ್ಟಾಗಿ, ಸುತ್ತು ಸುತ್ತಾಗಿ ಅಭಿಪ್ರಾಯ ಕೇಳಿ, ಒಪ್ಪದಿದ್ದಲ್ಲಿ ಮತ್ತೆ ಕೇಳಿ, ಕೊನೆಗೆ ‘ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್’ ಅನ್ನುವ ಹೆಸರಿಗೆ ಬಂದರು. ಕೇಟಲೈಸ್ ಅನ್ನುವ ಆ ಕೆಲಸದ ವರದಿಗಳು 2016 ಮತ್ತು 2017ರಲ್ಲಿ ಬಂದವು. ಎಲ್ಲರೂ ಖುಷಿಪಟ್ಟರು ಅಂತಲ್ಲ. ‘ಡಿಸಾರ್ಡರ್’ ಪದದ ಬಗ್ಗೆ ತಕರಾರು ಈಗಲೂ ಇದೆ. ಆದರೆ ಅದಾದ ಮೇಲೆ ಒಂದೇ ಹೆಸರಲ್ಲಿ ಜಾಗೃತಿ ದಿನ ಮಾಡುವುದು, ಶಿಕ್ಷಕರಿಗೆ ವಿಡಿಯೋ ಮಾಡುವುದು, ತಂದೆತಾಯಿ ಹುಡುಕಿದರೆ ಮಾಹಿತಿ ಸಿಗುವುದು ಎಲ್ಲ ಸುಲಭವಾಯಿತು. ನಾಟಕೀಯವಾದ್ದು ಏನೂ ಇಲ್ಲ. ಉದ್ದುದ್ದ ಪ್ರಶ್ನಾವಳಿ, ತಾಳ್ಮೆ, ವಾದ. ನಾಯಕತ್ವ ಬಹಳ ಸಲ ಹೀಗೇ ನೀರಸವಾಗಿರುತ್ತದೆ.

ಕಾನೂನಿನ ಮಟ್ಟದ್ದು ಇನ್ನೊಂದು ಕಥೆ. ಅಮೆರಿಕದ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಮಾತಾಡುವ ಯಂತ್ರಗಳನ್ನು ರೋಗಿಗೆ ಕೊಂಡುಕೊಡುತ್ತಿತ್ತು. 2014ರಲ್ಲಿ ನಿಯಮ ಬದಲಾಯಿತು. ಮೊದಲ 13 ತಿಂಗಳು ಬಾಡಿಗೆ, ಆಮೇಲಷ್ಟೇ ಸ್ವಂತ. ಕೇಳಲು ಸಣ್ಣ ಲೆಕ್ಕಪತ್ರದ ವಿಷಯ. ಆದರೆ ಆ ಅವಧಿಯಲ್ಲಿ ರೋಗಿ ನರ್ಸಿಂಗ್ ಹೋಮಿಗೋ, ಕೊನೆಗಾಲದ ಆರೈಕೆಯ ಹಾಸ್ಪೈಸ್‌ಗೋ ಸೇರಿದರೆ ಬಾಡಿಗೆ ಹಣ ನಿಂತುಹೋಗುತ್ತಿತ್ತು. ಸ್ನಾಯುಗಳು ಬರಬರುತ್ತಾ ಶಕ್ತಿ ಕಳೆದುಕೊಳ್ಳುವ ಎಎಲ್ಎಸ್ ಥರದ ಕಾಯಿಲೆಯಲ್ಲಿ ಮಾತು ಅತಿ ಹೆಚ್ಚು ಬೇಕಾಗುವ ಹೊತ್ತಿಗೇ ಯಂತ್ರ ಕೈತಪ್ಪಬಹುದು ಅಂತಾಯಿತು. ಥೆರಪಿಸ್ಟ್‌ಗಳ ಸಂಘಗಳು, ರೋಗಿಗಳ ಸಂಘಟನೆಗಳು, ಕುಟುಂಬದವರು ಒಟ್ಟಿಗೆ ದನಿ ಎತ್ತಿದರು. ಅಮೆರಿಕನ್ ಫುಟ್‌ಬಾಲ್‌ನ ಮಾಜಿ ಆಟಗಾರ ಸ್ಟೀವ್ ಗ್ಲೀಸನ್ ಸ್ವತಃ ಎಎಲ್ಎಸ್ ಇರುವವರು, ಕಣ್ಣಿನ ಚಲನೆಯಿಂದ ನಡೆಯುವ ಯಂತ್ರದ ಮೂಲಕ ಮಾತಾಡುವವರು. ಅವರ ಹೆಸರಿನಲ್ಲೇ 2015ರಲ್ಲಿ ಕಾಯ್ದೆ ಬಂದು ಆ ಬಾಡಿಗೆ ನಿಯಮ ಹೋಯಿತು. 2018ರಲ್ಲಿ ಅದನ್ನು ಕಾಯಂ ಮಾಡಿದರು. ಇಲ್ಲಿ ಗಮನಿಸಬೇಕಾದ್ದು ಯಾರು ಏನು ಮಾಡಿದರು ಅನ್ನುವುದು. ಯಾವ ನಿಯಮದಿಂದ ಏನು ಕೆಡುತ್ತದೆ ಅಂತ ಬಿಡಿಸಿ ಹೇಳಬಲ್ಲವರು ದಿನಾ ಅರ್ಜಿ ತುಂಬುವ ಥೆರಪಿಸ್ಟ್‌ಗಳು. ಅದು ಯಾಕೆ ಮುಖ್ಯ ಅಂತ ಹೇಳಬಲ್ಲವರು ಆ ಯಂತ್ರದಿಂದ ಬದುಕುವವರು. ಒಬ್ಬರಿಲ್ಲದೆ ಇನ್ನೊಬ್ಬರಿಂದ ಆಗುತ್ತಿರಲಿಲ್ಲ.

ಗೆದ್ದ ಮೇಲೂ ಕೆಲಸ ಮುಗಿಯುವುದಿಲ್ಲ ಅನ್ನುವುದಕ್ಕೆ ಬ್ರಿಟನ್ ನೋಡಿ. ಅಲ್ಲಿ ಮಕ್ಕಳ ಮಾತು ಭಾಷೆಯ ಸೇವೆ ಹೇಗಿದೆ ಅಂತ ಸಂಸದ ಜಾನ್ ಬರ್ಕೋ 2008ರಲ್ಲಿ ಸರ್ಕಾರಕ್ಕೆ ಒಂದು ದೊಡ್ಡ ವರದಿ ಕೊಟ್ಟರು. ಅದರ ನಂತರ ಮಕ್ಕಳ ಸಂವಹನಕ್ಕಾಗಿಯೇ ಸರ್ಕಾರ ಒಬ್ಬರನ್ನು ನೇಮಿಸಿತು, 2011ನ್ನು ಸಂವಹನದ ವರ್ಷ ಅಂತ ಆಚರಿಸಿದರು. ಹತ್ತು ವರ್ಷದ ಮೇಲೆ, 2018ರಲ್ಲಿ, ಥೆರಪಿಸ್ಟ್‌ಗಳ ರಾಯಲ್ ಕಾಲೇಜು ಅನ್ನುವ ವೃತ್ತಿ ಸಂಘ ಮತ್ತು ಒಂದು ಮಕ್ಕಳ ಸಂಸ್ಥೆ ಸೇರಿ ಮತ್ತೆ ನೋಡಿದಾಗ, ಸಹಾಯ ಸಿಗದ ಮಕ್ಕಳು ಇನ್ನೂ ತುಂಬ ಇದ್ದರು. ಒಂದು ವರದಿ, ಒಂದು ಸರ್ಕಾರ, ಒಂದು ಉತ್ಸಾಹದ ಅಲೆ ಇಷ್ಟರಿಂದ ಆಗುವ ಕೆಲಸ ಅಲ್ಲ ಇದು.

ವೃತ್ತಿಯ ಒಳಗಿನ ತೊಡಕೂ ಇದೆ. ಇದು ಸಣ್ಣ ವೃತ್ತಿ, ಹೊಸದೂ ಹೌದು. ಅಂತರರಾಷ್ಟ್ರೀಯ ಸಂಘ ವಿಯೆನ್ನಾದಲ್ಲಿ ಹುಟ್ಟಿದ್ದು 1924ರಲ್ಲಿ, ಅಮೆರಿಕದ ಸಂಘ ಶುರುವಾದದ್ದು 1925ರಲ್ಲಿ. ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ಇದರಲ್ಲಿ ಇರುವವರು ಹೆಚ್ಚುಕಡಿಮೆ ಎಲ್ಲ ಮಹಿಳೆಯರೇ. ದೊಡ್ಡ ಡಾಕ್ಟರುಗಳು ತುಂಬಿದ ಸಭೆಯಲ್ಲಿ ಒಬ್ಬ ಥೆರಪಿಸ್ಟ್ ಇರುತ್ತಾರೆ, ಮೂಲೆಯಲ್ಲಿ. ‘ನಾನು ರೋಗಿಗಳನ್ನು ನೋಡಿಕೊಳ್ಳುತ್ತೇನೆ, ರಾಜಕೀಯ ನಮಗೆ ಬೇಡ’ ಅನ್ನುವ ಮಾತು ಈ ವಲಯದಲ್ಲಿ ಜಾಸ್ತಿ. ಅರ್ಥವಾಗುತ್ತದೆ. ವಕಾಲತ್ತಿಗೆ ಯಾರೂ ಸಮಯ ಕೊಡುವುದಿಲ್ಲ, ದಿನಕ್ಕೆ ಎಷ್ಟು ರೋಗಿ ನೋಡಿದಿರಿ ಅಂತ ಮಾತ್ರ ಲೆಕ್ಕ ಕೇಳುತ್ತಾರೆ. ಇದಕ್ಕೆ ಅನುಭವಿಗಳು ಮಾಡುವ ಉಪಾಯ ಸರಳ: ಲೆಕ್ಕದ ಭಾಷೆಯನ್ನೇ ಕಲಿಯುವುದು. ಕಾಯುವ ಪಟ್ಟಿಯಲ್ಲಿ ಎಷ್ಟು ಜನ, ಎಷ್ಟು ತಿಂಗಳು, ತಡವಾದ್ದರಿಂದ ಏನಾಯಿತು. ಅದರ ಜೊತೆಗೆ, ಒಪ್ಪಿಗೆ ಪಡೆದು, ಒಬ್ಬ ವ್ಯಕ್ತಿಯ ಕಥೆ. ಬರೀ ಅಂಕಿ ಮನಸ್ಸಿಗೆ ತಾಗುವುದಿಲ್ಲ, ಬರೀ ಕಥೆಯನ್ನು ‘ಅಪರೂಪದ ಕೇಸ್’ ಅಂತ ತಳ್ಳಿಹಾಕುತ್ತಾರೆ.

ಒಂದು ಕಹಿ ಮಾತೂ ಹೇಳಬೇಕು. ಹೆಚ್ಚು ಹುದ್ದೆ ಕೊಡಿ, ಸಂಬಳ ಏರಿಸಿ, ಈ ಕೆಲಸ ನಮ್ಮದೇ ಅಂತ ಘೋಷಿಸಿ ಅಂತ ಕೇಳುವುದೂ ಈ ಹೆಸರಿನಲ್ಲೇ ನಡೆಯುತ್ತದೆ. ಕೇಳುವುದು ತಪ್ಪಲ್ಲ. ಥೆರಪಿಸ್ಟ್ ಇಲ್ಲದ ಕಡೆ ಥೆರಪಿ ಎಲ್ಲಿಂದ ಬರಬೇಕು? ಆದರೆ ಅದು ವೃತ್ತಿಯ ಪರ ವಕಾಲತ್ತು, ಜನರ ಪರದ್ದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಹೊರಗಿನವರಿಗೆ ಅನುಮಾನ ಬರುವುದು ಸಹಜ.

ಉಗ್ಗು ಇರುವವರು ಈ ವೃತ್ತಿಗೆ ಕಲಿಸಿದ ಪಾಠ ಇಲ್ಲಿ ನೆನಪಾಗುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇರುತ್ತದೆ. ಬಹಳ ಕಾಲ ಥೆರಪಿಯ ಗುರಿ ಒಂದೇ ಆಗಿತ್ತು: ಉಗ್ಗು ಕಾಣಬಾರದು. ಉಗ್ಗುವವರೇ ಸಂಘ ಕಟ್ಟಿಕೊಂಡು, 1998ರಿಂದ ಅಕ್ಟೋಬರ್ 22ರಂದು ಜಾಗೃತಿ ದಿನ ಆಚರಿಸುತ್ತಾ ಬಂದ ಹಾಗೆ, ಬೇರೆ ಪ್ರಶ್ನೆಗಳು ಎದ್ದವು. ಉಗ್ಗಿದರೆ ಏನಾಯಿತು? ಕೇಳುವವನಿಗೆ ತಾಳ್ಮೆ ಇಲ್ಲದಿರುವುದಕ್ಕೆ ನಾನ್ಯಾಕೆ ಔಷಧಿ ಕುಡಿಯಬೇಕು? ಕೆಲವು ಥೆರಪಿಸ್ಟ್‌ಗಳಿಗೆ ಇದು ಸಿಟ್ಟು ತರಿಸಿತು, ಕೆಲವರು ಕೇಳಿಸಿಕೊಂಡರು. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ’ ಅನ್ನುವ ಅಂಗವಿಕಲರ ಹೋರಾಟದ ಘೋಷಣೆ ಈ ವೃತ್ತಿಯ ಬಾಗಿಲಿಗೂ ಹೀಗೆ ಬಂದು ನಿಂತಿತು.

ಅದರಿಂದ ಥೆರಪಿ ಕೋಣೆಯ ಒಳಗೂ ಒಂದು ಬದಲಾವಣೆ ಆಯಿತು. ಈಗ ಹಲವರು ಗುರಿ ಬರೆಯುವಾಗಲೇ ‘ತನ್ನ ಪರ ತಾನೇ ಮಾತಾಡುವುದು’ ಅಂತ ಒಂದು ಸಾಲು ಸೇರಿಸುತ್ತಾರೆ. ‘ನನಗೆ ಉಗ್ಗು ಇದೆ, ವಾಕ್ಯ ಮುಗಿಸಲು ಬಿಡಿ’ ಅಂತ ಸಂದರ್ಶನದಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಅಫೇಸಿಯಾ ಇರುವವರಿಗೆ ‘ನಿಧಾನ ಹೇಳಿ, ಬರೆದು ತೋರಿಸಿ’ ಅನ್ನುವ ಚಿಕ್ಕ ಕಾರ್ಡ್ ಮಾಡಿಕೊಡುತ್ತಾರೆ. ಡಿಎಲ್‌ಡಿ ಇರುವ ಹುಡುಗಿಗೆ ‘ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ’ ಅನ್ನುವುದನ್ನು ಕಲಿಸುತ್ತಾರೆ. ಮುಂದಿನ ಸಲ ಅವಳು ಬಂದಾಗ ಮೊದಲು ಕೇಳುವುದು, ಈ ವಾರ ತರಗತಿಯಲ್ಲಿ ಅದನ್ನು ಹೇಳಿದೆಯಾ, ಟೀಚರ್ ಏನಂದರು ಅಂತ. ಟೀಚರ್ ಗದರಿದ್ದರೆ ಥೆರಪಿಸ್ಟ್ ಫೋನ್ ಎತ್ತಿಕೊಳ್ಳುತ್ತಾರೆ.