ಜಲ್ಲಿ ಸುರಿದರೆ ರಸ್ತೆ ಆಗುತ್ತಾ?

ಅರವತ್ತು ದಾಟಿದವರು ಇರುವ ಯಾವ ಮನೆಗಾದರೂ ಹೋಗಿ ನೋಡಿ. ಫ್ರಿಡ್ಜ್ ಮೇಲೋ, ಟಿವಿ ಪಕ್ಕದಲ್ಲೋ ಒಂದು ಕ್ಯಾಲ್ಸಿಯಂ ಡಬ್ಬಿ ಇದ್ದೇ ಇರುತ್ತದೆ. ಯಾರು ಬರೆದುಕೊಟ್ಟಿದ್ದು, ಯಾವಾಗ ಶುರುವಾಗಿದ್ದು, ಯಾರಿಗೂ ನೆನಪಿಲ್ಲ. ಮಂಡಿ ನೋವಿಗೂ ಅದೇ, ಸೊಂಟ ನೋವಿಗೂ ಅದೇ, ಸುಸ್ತಿಗೂ ಅದೇ. ಡಾಕ್ಟರು ಮೂಳೆ ಸವೆತಕ್ಕೆಂದು ಬರೆದ ವಾರದ ಮಾತ್ರೆಯ ಚೀಟಿ ಮಾತ್ರ ಫೈಲಿನೊಳಗೇ ಉಳಿದಿರುತ್ತದೆ. "ಅದನ್ನ ತಗೊಂಡ್ರೆ ದವಡೆ ಕೊಳೆಯುತ್ತಂತೆ" ಅಂತ ಯಾರೋ ಹೇಳಿರುತ್ತಾರೆ. ಹೇಳಿದವರೇ ದಿನಾ ಗೋಧಿ ಕಾಳಿನಷ್ಟು ಎಲೆಸುಣ್ಣ ಮಜ್ಜಿಗೆಗೆ ಹಾಕಿ ಕುಡಿಯಿರಿ ಅನ್ನುವ ವಾಟ್ಸ್ಯಾಪ್ ಸಂದೇಶವನ್ನೂ ಕಳಿಸಿರುತ್ತಾರೆ.

ನನ್ನ ತಕರಾರು ಇಷ್ಟೇ: ನಾವು ನಂಬುವುದು ಕೈಲಾಗದ್ದನ್ನು, ಹೆದರುವುದು ಕೆಲಸ ಮಾಡುವುದಕ್ಕೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮಂಡಿ ನೋವು ಬರುವುದು ಕೀಲಿನ ಮೆದುಮೂಳೆ ಸವೆದು. ಆಸ್ಟಿಯೋಪೊರೋಸಿಸ್, ಅಂದರೆ ಡಾಕ್ಟರು ಹೇಳುವ ಮೂಳೆ ಸವೆತ, ನೋಯುವುದೇ ಇಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯುವವರೆಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಬೆನ್ನೆಲುಬಿನ ಮಣಿ ಕುಸಿದರೂ ಎಷ್ಟೋ ಜನ ವಯಸ್ಸಾಯ್ತು, ಬೆನ್ನು ಬಾಗಿತು ಅಂದುಕೊಂಡು ಸುಮ್ನಾಗುತ್ತಾರೆ. ಹಾಗಾಗಿ "ತಗೊಂಡೆ, ನೋವು ಕಡಿಮೆಯಾಯ್ತು" ಅನ್ನುವ ಅಳತೆಗೋಲು ಇಲ್ಲಿ ನಡೆಯುವುದಿಲ್ಲ.

ಈಗ ನನಗೆ ಇಷ್ಟವಾದ ಭಾಗ. ಮೂಳೆ ಒಮ್ಮೆ ಬೆಳೆದು ಹಾಗೇ ನಿಂತ ಕಂಬವಲ್ಲ. ದೊಡ್ಡವರ ಮೈಯಲ್ಲೂ ವರ್ಷಕ್ಕೆ ಸುಮಾರು ಶೇ. 10ರಷ್ಟು ಮೂಳೆ ಹೊಸದಾಗುತ್ತಾ ಇರುತ್ತದೆ. ನಮ್ಮೂರಿನ ರಸ್ತೆ ಕೆಲಸ ನೆನಪಿಸಿಕೊಳ್ಳಿ. ಅಗೆಯುವುದು ಒಂದು ಗ್ಯಾಂಗು, ಮುಚ್ಚುವುದು ಇನ್ನೊಂದು. ಮೂಳೆಯಲ್ಲಿ ಅಗೆಯುವ ಜೀವಕೋಶ ಆಸ್ಟಿಯೋಕ್ಲಾಸ್ಟ್. ಅದು ಮೂಳೆಗೆ ಅಂಟಿ ಕೂತು ಆಸಿಡ್ ಬಿಟ್ಟು ಗುಂಡಿ ತೋಡುತ್ತದೆ. ಅದರ ಹಿಂದೆ ಬಂದು ಗುಂಡಿ ತುಂಬುವುದು ಆಸ್ಟಿಯೋಬ್ಲಾಸ್ಟ್. ಅಗೆಯುವುದಕ್ಕೆ ಸುಮಾರು ಮೂರು ವಾರ, ಮುಚ್ಚುವುದಕ್ಕೆ ಮೂರು ನಾಲ್ಕು ತಿಂಗಳು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಗೆಯುವವರು ತಾವಾಗಿ ಬರುವುದಿಲ್ಲ, ಅವರಿಗೆ ವರ್ಕ್ ಆರ್ಡರ್ ಬೇಕು. ಆ ಆರ್ಡರಿನ ಹೆಸರು ರ‍್ಯಾಂಕ್ ಲೈಗ್ಯಾಂಡ್ ಅನ್ನುವ ಪ್ರೋಟೀನು. ಅದನ್ನು ಹಿಡಿದು ರದ್ದು ಮಾಡುವ ಇನ್ನೊಂದು ಪ್ರೋಟೀನೂ ಇದೆ, ಆಸ್ಟಿಯೋಪ್ರೊಟೆಜೆರಿನ್. ಇವೆರಡೂ ಪತ್ತೆಯಾಗಿದ್ದು 1990ರ ದಶಕದ ಕೊನೆಯಲ್ಲಿ. ಹೆಂಗಸರಲ್ಲಿ ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಇರುವವರೆಗೆ ಆರ್ಡರು ಹದ್ದುಬಸ್ತಿನಲ್ಲಿರುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ, ಆರ್ಡರುಗಳು ಒಂದೇ ಸಮ ಹೊರಡುತ್ತವೆ. ಎಲ್ಲೆಲ್ಲೂ ಅಗೆತ, ಮುಚ್ಚುವವರು ಹಿಂದೆ ಬೀಳುತ್ತಾರೆ. ಗಂಡಸರಿಗೂ ಇದು ಬರುತ್ತದೆ, ಸ್ವಲ್ಪ ತಡವಾಗಿ.

ಇದರಲ್ಲಿ ಕ್ಯಾಲ್ಸಿಯಂ ಏನು? ಜಲ್ಲಿ. ಜಲ್ಲಿ ಇಲ್ಲದೆ ರಸ್ತೆ ಆಗುವುದಿಲ್ಲ, ನಿಜ. ಆದರೆ ಹತ್ತು ಲಾರಿ ಜಲ್ಲಿ ತಂದು ಸುರಿದ ಮಾತ್ರಕ್ಕೆ ಅಗೆತ ನಿಲ್ಲುತ್ತದಾ?

ಅಮೆರಿಕದಲ್ಲಿ 36,282 ಹೆಂಗಸರ ಮೇಲೆ ಇದನ್ನೇ ನೋಡಿದರು. ಅರ್ಧ ಜನರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ, ಜೊತೆಗೆ 400 ಯೂನಿಟ್ ವಿಟಮಿನ್ ಡಿ. ಏಳು ವರ್ಷದ ನಂತರ, 2006ರಲ್ಲಿ ಬಂದ ಫಲಿತಾಂಶದಲ್ಲಿ ಸೊಂಟ ಮುರಿತ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಕಿಡ್ನಿ ಕಲ್ಲು ಮಾತ್ರ ಶೇ. 17ರಷ್ಟು ಜಾಸ್ತಿ. ಇದಕ್ಕೆ ಉಲ್ಟಾ ಎನಿಸುವ ಫಲಿತಾಂಶ ಬಂದಿದ್ದು ಫ್ರಾನ್ಸಿನಿಂದ, 1992ರಲ್ಲಿ. ಅಲ್ಲಿನ ವೃದ್ಧಾಶ್ರಮಗಳ ಅಜ್ಜಿಯರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಾಗ ಸೊಂಟ ಮುರಿತ ಶೇ. 43ರಷ್ಟು ಇಳಿಯಿತು. ಅವರಲ್ಲಿ ಹೆಚ್ಚಿನವರು ಎಂಬತ್ತು ದಾಟಿದವರು, ಬಿಸಿಲು ಕಾಣದವರು, ಮೈಯಲ್ಲಿ ಡಿ ಇಲ್ಲದವರು. ಕೊರತೆ ಇದ್ದಲ್ಲಿ ತುಂಬಿದರೆ ಉಪಯೋಗ, ಇಲ್ಲದಲ್ಲಿ ಸುರಿದರೆ ದಂಡ.

ದಿನಕ್ಕೆ 1000ದಿಂದ 1200 ಮಿ.ಗ್ರಾಂ ಸಾಕು, ಅದೂ ಊಟ ಸೇರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ, 100 ಮಿ.ಲೀ. ಹಾಲಿನಲ್ಲಿ ಸುಮಾರು 120. ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಅದರಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೂ ಮುದ್ದೆ, ಮೊಸರು, ಸೊಪ್ಪು ತಿನ್ನುವವರು ಅರ್ಧಕ್ಕಿಂತ ಜಾಸ್ತಿ ದಾರಿ ಕ್ರಮಿಸಿರುತ್ತಾರೆ. ಕಡಿಮೆ ಬಿದ್ದಷ್ಟಕ್ಕೆ ಮಾತ್ರೆ. ಡಬ್ಬಿಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಅಂತ ಇದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಾತ್ರ. ಅದನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಕರಗುವುದಕ್ಕೆ ಹೊಟ್ಟೆಯ ಆಸಿಡ್ ಬೇಕು. ದಿನಾ ಗ್ಯಾಸ್ ಮಾತ್ರೆ ನುಂಗುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಹವಳದ ಕ್ಯಾಲ್ಸಿಯಂ, ಚಿಪ್ಪಿನ ಕ್ಯಾಲ್ಸಿಯಂ ಅಂತ ಮೂರು ಪಟ್ಟು ಬೆಲೆಗೆ ಮಾರುವುದೂ ಇದೇ ಕಾರ್ಬೊನೇಟು.

ವಿಟಮಿನ್ ಡಿ ವಿಷಯದಲ್ಲಿ ನನಗೆ ಚಿಂತೆ ಜಾಸ್ತಿ. 60,000 ಯೂನಿಟ್ಟಿನ ಪುಡಿ ಅಥವಾ ಮಾತ್ರೆ ಕೊರತೆ ಇದ್ದವರಿಗೆ ವಾರಕ್ಕೊಂದರಂತೆ ಕೆಲವು ವಾರ ಮಾತ್ರ. ದಿನಾ ನುಂಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2256 ಹೆಂಗಸರಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಮ್ಮೆ ಒಟ್ಟಿಗೇ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದರು. ಕೊಟ್ಟವರಲ್ಲಿ ಬೀಳುವುದೂ ಜಾಸ್ತಿಯಾಯಿತು, ಮೂಳೆ ಮುರಿತವೂ ಜಾಸ್ತಿಯಾಯಿತು. 2010ರ ಮಾತು ಇದು.

ಅಗೆಯುವವರನ್ನು ತಡೆಯುವ ಮದ್ದಿನ ಕಥೆ ಶುರುವಾಗುವುದು ನೀರಿನ ಪೈಪಿನಲ್ಲಿ. ಬೋರ್‌ವೆಲ್ ನೀರಿಗೆ ಗೀಸರ್ ಒಳಗೆ ಬಿಳಿ ಉಪ್ಪು ಕಟ್ಟುತ್ತದಲ್ಲ, ಅದನ್ನು ಪೈರೊಫಾಸ್ಫೇಟ್ ತಡೆಯುತ್ತದೆ ಅನ್ನುವುದು ಕಾರ್ಖಾನೆಯವರಿಗೆ ಮೊದಲೇ ಗೊತ್ತಿತ್ತು. 1960ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಹರ್ಬರ್ಟ್ ಫ್ಲೈಶ್ ಅದೇ ವಸ್ತುವನ್ನು ಮನುಷ್ಯರ ಮೂತ್ರದಲ್ಲೂ ರಕ್ತದಲ್ಲೂ ಕಂಡರು. ಮೈಯಲ್ಲೂ ಕ್ಯಾಲ್ಸಿಯಂ ಸಿಕ್ಕಲ್ಲೆಲ್ಲ ಕಟ್ಟದಂತೆ ಇದೇ ಕಾಯುತ್ತಿರಬಹುದೇ? ಬಾಯಿಗೆ ಕೊಟ್ಟರೆ ಪೈರೊಫಾಸ್ಫೇಟ್ ಹೊಟ್ಟೆಯಲ್ಲೇ ಒಡೆದುಹೋಗುತ್ತದೆ. ಹಾಗಾಗಿ ಒಡೆಯದ ತಮ್ಮನನ್ನು ಹುಡುಕಿದರು, ಅದೇ ಬಿಸ್‌ಫಾಸ್ಫೊನೇಟ್. 1969ರಲ್ಲಿ ಅದು ಮೂಳೆ ಕರಗುವುದನ್ನೂ ತಡೆಯುತ್ತದೆ ಎಂದು ತೋರಿಸಿದರು. ಅದು ಮೂಳೆಗೆ ಹೋಗಿ ಅಂಟಿಕೊಳ್ಳುತ್ತದೆ. ಅಗೆಯಲು ಬಂದ ಕೋಶ ಅದನ್ನೂ ನುಂಗಿ ಕೈಕಾಲು ಬಿಡುತ್ತದೆ.

ಅಲೆಂಡ್ರೊನೇಟ್ ಆ ಕುಟುಂಬದ್ದು. ವಾರಕ್ಕೊಂದು 70 ಮಿ.ಗ್ರಾಂ ಮಾತ್ರೆ. ಮೊದಲೇ ಬೆನ್ನುಮಣಿ ಕುಸಿದಿದ್ದ ಹೆಂಗಸರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆನ್ನುಮಣಿ ಕುಸಿತ, ಸೊಂಟ ಮುರಿತ ಎರಡೂ ಸುಮಾರು ಅರ್ಧಕ್ಕೆ ಇಳಿದವು. ಇಷ್ಟು ಒಳ್ಳೆಯ ಮಾತ್ರೆಯನ್ನು ನಾವು ಹಾಳು ಮಾಡಿಕೊಳ್ಳುವುದು ಕಾಫಿಯಿಂದ. ನಮ್ಮ ದೊಡ್ಡಮ್ಮ ಭಾನುವಾರ ಬೆಳಗ್ಗೆ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಫಿಲ್ಟರ್ ಕಾಫಿ ಲೋಟ ಹಿಡಿದು, "ಬರೀ ಹೊಟ್ಟೇಲಿ ನುಂಗಿದ್ರೆ ತೊಳಸುತ್ತೆ ಕಣೋ" ಅಂದು ನುಂಗಿ, ಹಾಗೇ ದಿವಾನದ ಮೇಲೆ ಕಾಲು ಚಾಚುತ್ತಿದ್ದರು. ಬರೀ ನೀರಲ್ಲಿ ತೆಗೆದುಕೊಂಡರೂ ಮಾತ್ರೆಯ ಮದ್ದಿನಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಕಾಫಿ ಅದರಲ್ಲೂ ಶೇ. 60ರಷ್ಟು ಕಸಿಯುತ್ತದೆ. ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ನಿಂತು ಸುಡುತ್ತದೆ. ಖಾಲಿ ಹೊಟ್ಟೆ, ಒಂದು ಲೋಟ ಬರೀ ನೀರು, ಅರ್ಧ ಗಂಟೆ ಕೂತೋ ನಿಂತೋ ಇರಬೇಕು. ದೊಡ್ಡಮ್ಮ ಆ ಅರ್ಧ ಗಂಟೆಯನ್ನು ರಂಗೋಲಿಗೆ ಹೊಂದಿಸಿಕೊಂಡರು. ರಂಗೋಲಿಗೆ ಬಗ್ಗದಂತೆ ನಿಂತು ಹೂ ಬಿಡಿಸಿರಿ ಅಂತ ಆಮೇಲೆ ಹೇಳಬೇಕಾಯಿತು. ಇದೆಲ್ಲ ಆಗದವರಿಗೆ ಜೊಲೆಡ್ರೊನಿಕ್ ಆಸಿಡ್ ಇದೆ, ವರ್ಷಕ್ಕೊಮ್ಮೆ ಡ್ರಿಪ್. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಅಷ್ಟಕ್ಕೆ ಗಾಬರಿ ಬೇಡ.

ದವಡೆಯ ತೊಂದರೆ ಸುಳ್ಳಲ್ಲ. ಬಹುಪಾಲು ಕಂಡುಬಂದಿದ್ದು ಕ್ಯಾನ್ಸರಿಗೆ ಈ ಮದ್ದನ್ನು ದೊಡ್ಡ ಪ್ರಮಾಣದಲ್ಲಿ ಪಡೆದವರಲ್ಲಿ. ಮೂಳೆ ಸವೆತದ ಪ್ರಮಾಣದಲ್ಲಿ ಸಾವಿರಕ್ಕೆ ಒಬ್ಬರಿಗೂ ಬರುವುದಿಲ್ಲ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಂಡರಾಯಿತು. ಇನ್ನೊಂದು, ವರ್ಷಗಟ್ಟಲೆ ತಗೊಂಡಾಗ ತೊಡೆಮೂಳೆ ವಿಚಿತ್ರವಾಗಿ ಅಡ್ಡ ಬಿರುಕು ಬಿಡುವುದು. 2020ರ ಅಮೆರಿಕದ ಒಂದು ಲೆಕ್ಕದಲ್ಲಿ ಹತ್ತು ಸಾವಿರ ಬಿಳಿಯ ಹೆಂಗಸರು ಮೂರು ವರ್ಷ ತಗೊಂಡರೆ 149 ಸೊಂಟ ಮುರಿತ ತಪ್ಪುತ್ತದೆ, ಇಂಥ ಬಿರುಕು 2. ಏಷ್ಯಾ ಮೂಲದವರಲ್ಲಿ 91 ತಪ್ಪುತ್ತದೆ, ಬಿರುಕು 8. ನಮಗೆ ಅಪಾಯ ಸ್ವಲ್ಪ ಜಾಸ್ತಿ, ಲಾಭ ಆದರೂ ಹತ್ತು ಪಟ್ಟಿಗಿಂತ ಮೇಲೆ. ಐದು ವರ್ಷದ ನಂತರ ಅಪಾಯ ಕಡಿಮೆ ಇರುವವರಿಗೆ ಮಾತ್ರೆಗೆ ರಜೆ ಕೊಡುವುದು ಇದಕ್ಕೇ. ಮದ್ದು ಮೂಳೆಯಲ್ಲಿ ಅಂಟಿಯೇ ಇರುವುದರಿಂದ ರಜೆಯಲ್ಲೂ ಕೆಲಸ ಸಾಗುತ್ತದೆ. ತೊಡೆಯಲ್ಲಿ ಹೊಸ ನೋವು ಬಂದರೆ ಮಾತ್ರ ಕಾಯಬಾರದು.

ಡೆನೊಸುಮಾಬ್‌ಗೆ ಈ ರಜೆ ಇಲ್ಲ. ಆರು ತಿಂಗಳಿಗೊಮ್ಮೆ ಚುಚ್ಚುವ ಇದು ವರ್ಕ್ ಆರ್ಡರನ್ನೇ ಹಿಡಿದಿಡುತ್ತದೆ. ಬಿಟ್ಟರೆ ಕಾದು ಕೂತಿದ್ದ ಅಗೆಯುವವರೆಲ್ಲ ಒಟ್ಟಿಗೇ ಇಳಿಯುತ್ತಾರೆ, ಎರಡು ಮೂರು ಬೆನ್ನುಮಣಿ ಸಾಲಾಗಿ ಕುಸಿದ ಉದಾಹರಣೆಗಳಿವೆ. ಮಗ ಅಮೆರಿಕಕ್ಕೆ ಕರೆಸಿಕೊಂಡ, ಆರು ತಿಂಗಳು ಅಲ್ಲೇ ಇದ್ದೆ, ಇಂಜೆಕ್ಷನ್ ಮರೆತೆ ಅನ್ನುವಂತಿಲ್ಲ. ನಿಲ್ಲಿಸಲೇಬೇಕಾದರೆ ಹಿಂದೆಯೇ ಬಿಸ್‌ಫಾಸ್ಫೊನೇಟ್ ಕೊಡುತ್ತಾರೆ.

ಹಾಗಾದರೆ ಮುಚ್ಚುವವರನ್ನೇ ಹೆಚ್ಚಿಸಬಹುದಲ್ಲ? ಇದಕ್ಕೆ ಮೊದಲು ಸಿಕ್ಕಿದ್ದು ಫ್ಲೋರೈಡ್. ಹೌದು, ಪಾವಗಡ, ಕೋಲಾರದ ಕಡೆ ನೀರಿನಲ್ಲಿ ಬಂದು ಜನರ ಕೀಲು ಬಿಗಿಯುವ ಅದೇ ಫ್ಲೋರೈಡ್. ಅಮೆರಿಕದ ಮೇಯೊ ಕ್ಲಿನಿಕ್‌ನವರು ನಾಲ್ಕು ವರ್ಷ ಕೊಟ್ಟು ನೋಡಿದರು. ಬೆನ್ನೆಲುಬಿನ ಸಾಂದ್ರತೆ ಶೇ. 35ರಷ್ಟು ಏರಿತು. 1990ರಲ್ಲಿ ಲೆಕ್ಕ ಹಾಕಿದರೆ ಬೆನ್ನುಮಣಿ ಕುಸಿತ ಇಳಿದಿರಲಿಲ್ಲ, ಬೇರೆ ಮೂಳೆಗಳ ಮುರಿತ ಜಾಸ್ತಿಯಾಗಿತ್ತು. ಗಾತ್ರ ಬಂತು, ಗಟ್ಟಿತನ ಬರಲಿಲ್ಲ. "ನಮ್ಮ ಪುಡಿ ತಿಂದರೆ ಸ್ಕ್ಯಾನ್ ನಂಬರ್ ಏರುತ್ತೆ" ಅನ್ನುವವರಿಗೆ ಮುರಿತ ಎಷ್ಟು ತಪ್ಪಿತು ಅಂತ ಕೇಳಿ.

ನಿಜವಾಗಿ ಕಟ್ಟುವ ಮದ್ದು 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆರಿಪ್ಯಾರಟೈಡ್. ದಿನಾ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳಬೇಕು, ಪೆನ್ನು ಫ್ರಿಡ್ಜಿನಲ್ಲಿಡಬೇಕು, ದುಬಾರಿ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಮುಗಿಸುತ್ತಾರೆ. ಈಗಾಗಲೇ ಮಣಿಗಳು ಕುಸಿದವರಿಗೆ ಇದನ್ನು ಮೊದಲು ಕೊಟ್ಟು ಆಮೇಲೆ ಅಗೆತ ತಡೆಯುವ ಮದ್ದಿಗೆ ಬರುವುದು ಒಳ್ಳೆಯ ಕ್ರಮ. ಕಟ್ಟಿಸಿ ಸುಮ್ನೆ ಬಿಟ್ಟರೆ ಕಟ್ಟಿದ್ದೂ ಕರಗುತ್ತದೆ.

ಯಾರಿಗೆ ಯಾವುದು ಅನ್ನುವುದನ್ನು ಉಚಿತ ಶಿಬಿರದಲ್ಲಿ ಯಂತ್ರದೊಳಗೆ ಹಿಮ್ಮಡಿ ಇಡಿಸಿಕೊಂಡು ಕೊಡುವ ಚೀಟಿ ತೀರ್ಮಾನಿಸುವುದಿಲ್ಲ. ಅದಕ್ಕೆ ಸೊಂಟ, ಬೆನ್ನಿನ ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ) ಬೇಕು, ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದೆಯೇ ನೋಡಬೇಕು. ನಿಂತಲ್ಲಿಂದ ಬಿದ್ದು ಸೊಂಟವೋ ಬೆನ್ನುಮಣಿಯೋ ಮುರಿದಿದ್ದರೆ ಸ್ಕೋರ್ ಎಷ್ಟಿದ್ದರೂ ಮದ್ದಿನ ಮಾತಾಡಬೇಕು. ಶುರು ಮಾಡುವ ಮೊದಲು ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್ ನೋಡಿಸಿ. ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ 35 ಮಿ.ಲೀ.ಗಿಂತ ಕೆಳಗಿದ್ದರೆ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಎರಡನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ.